ಮುಂಗಾರಿಗೆ ಮುನ್ನ ಮಾಳಿಗೆಯ ಪರಿಶೀಲನೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ. ಗ್ರಾಮ ಪಂಚಾಯಿತಿಗಳ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ಇಂದಿನ ಕಾರ್ಯಸೂಚಿಯಲ್ಲಿ ನನಗೆ ವಹಿಸಿರುವ ವಿಷಯ ಮಳೆಗಾಲದ ಪೂರ್ವಸಿದ್ಧತೆ. ಈ ಶೀರ್ಷಿಕೆಯಡಿ ಚರಂಡಿಯ ಹೂಳು ತೆಗೆಯುವುದು, ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸುವುದು, ಸೊಳ್ಳೆ ನಿಯಂತ್ರಣ, ಹಳ್ಳದ ದಂಡೆಯ ಮನೆಗಳ ಪಟ್ಟಿ ಮುಂತಾದವುಗಳ ಚರ್ಚೆ ನಡೆಯುವುದು ವಾಡಿಕೆ. ಅವೆಲ್ಲವೂ ಆಗಲೇಬೇಕಾದ ಕೆಲಸಗಳು. ಅವುಗಳ ಬಗ್ಗೆ ಪ್ರತಿವರ್ಷ ಸುತ್ತೋಲೆ ಬರುತ್ತದೆ, ತಾವೆಲ್ಲರೂ ಬಲ್ಲಿರಿ. ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣದ ಒಂದೇ ಸಂಗತಿಯನ್ನು ನಾನು ಈ ಹೊತ್ತು ಎತ್ತಿಕೊಳ್ಳುತ್ತೇನೆ. ಅದು ನಮ್ಮ ಜನರ ತಲೆಯ ಮೇಲಿರುವ ಮಣ್ಣಿನ ಮಾಳಿಗೆ.

ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಮಳೆಗೆ ಬಲಿಯಾಗುವವರೆಲ್ಲ ನೆರೆಯಲ್ಲಿ ಕೊಚ್ಚಿಹೋಗುವವರೆಂದು ಹೊರಗಿನವರು ಭಾವಿಸುವುದುಂಟು. ನಮಗೆ ವಾಸ್ತವ ಗೊತ್ತಿದೆ. ಮೂರು ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿದ ಬಳಿಕ, ರಾತ್ರಿ ಮನೆಮಂದಿಯೆಲ್ಲ ಮಲಗಿರುವಾಗ, ನೆನೆದ ಗೋಡೆ ಜರಿದು ಮಾಳಿಗೆ ಕುಸಿಯುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಯಿಂದ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಮನೆ ಕುಸಿದು ಮಡಿದವರು ಬಹಳ ಮಂದಿ. ಇಂಥ ಸಾವಿಗೆ ವಿಪತ್ತು ಪರಿಹಾರ ನಿಧಿಯಿಂದ ಕುಟುಂಬಕ್ಕೆ 4 ಲಕ್ಷ ರೂಪಾಯಿ ದೊರೆಯುತ್ತದೆ. 2022ರಲ್ಲಿ ಕೇಂದ್ರ ಸರ್ಕಾರ ಪರಿಷ್ಕರಿಸಿದ ಮಾನದಂಡದಂತೆ, ಬಯಲು ಪ್ರದೇಶದಲ್ಲಿ ಪೂರ್ಣ ಹಾನಿಯಾದ ಮನೆಗೆ 1.20 ಲಕ್ಷ ರೂಪಾಯಿ. ಶೇಕಡಾ 15ರಷ್ಟಾದರೂ ಹಾನಿಗೊಂಡ ಕಚ್ಚಾ ಮನೆಗೆ 4,000 ರೂಪಾಯಿ. ರಾಜ್ಯ ಸರ್ಕಾರವು ಆಯಾ ವರ್ಷದ ಆದೇಶದಂತೆ ಇದಕ್ಕೆ ತನ್ನ ಪಾಲನ್ನು ಸೇರಿಸಿ ಕೊಟ್ಟದ್ದೂ ಉಂಟು. ಈ ಮೊತ್ತಗಳನ್ನು ಹಂಚುವುದರಲ್ಲಿ ನಮ್ಮ ವ್ಯವಸ್ಥೆ ಸಾಕಷ್ಟು ಪಳಗಿದೆ. ಮನೆ ಬಿದ್ದ ಮರುದಿನ ಗ್ರಾಮ ಆಡಳಿತಾಧಿಕಾರಿ ಬರುತ್ತಾರೆ, ಎಂಜಿನಿಯರು ಬರುತ್ತಾರೆ, ತಹಶೀಲ್ದಾರರೂ ಬರುತ್ತಾರೆ. ಬೀಳುವುದಕ್ಕೆ ಮೂರು ತಿಂಗಳು ಮೊದಲು ಬಂದು ಆ ತೊಲೆಯನ್ನೊಮ್ಮೆ ತಟ್ಟಿ ನೋಡುವವರು ಯಾರು? ಅದಕ್ಕೆಂದೇ ನೇಮಕಗೊಂಡ ಅಧಿಕಾರಿ ಯಾರೂ ಇಲ್ಲ. ಆ ಮನೆಯ ಬಾಗಿಲಿಗೆ ಎಲ್ಲರಿಗಿಂತ ಹತ್ತಿರವಿರುವವರು ಆ ವಾರ್ಡಿನ ಸದಸ್ಯರು. ಆದ್ದರಿಂದ ಈ ಮಾತು ತಮ್ಮ ಮುಂದೆ.

ಮೊದಲಿಗೇ ಒಂದು ಸ್ಪಷ್ಟನೆ ಅಗತ್ಯ. ಮಾಳಿಗೆ ಮನೆ ಹಿಂದುಳಿದವರ ಮನೆ, ಅದನ್ನು ಕೆಡವಿ ಆರ್‌ಸಿಸಿ ಹಾಕಿಸುವುದೊಂದೇ ದಾರಿ ಎಂಬ ಅಭಿಪ್ರಾಯ ನನ್ನದಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಆರ್‌ಸಿಸಿ ಮನೆಯೊಳಗೆ ಮಲಗಿದವರಿಗೂ ಮಾಳಿಗೆ ಮನೆಯೊಳಗೆ ಮಲಗಿದವರಿಗೂ ಇರುವ ವ್ಯತ್ಯಾಸವನ್ನು ತಮಗೆ ನಾನು ವಿವರಿಸಬೇಕಿಲ್ಲ. ಚೆನ್ನಾಗಿ ಕಟ್ಟಿ, ಚೆನ್ನಾಗಿ ನೋಡಿಕೊಂಡ ಮಾಳಿಗೆ ಎರಡು ಮೂರು ತಲೆಮಾರು ಬಾಳುತ್ತದೆ. ಆದರೆ ಅದು ಆರೈಕೆ ಬೇಡುವ ಚಾವಣಿ. ಆರೈಕೆ ಬಲ್ಲ ಹಿರಿಯರು ಕಡಿಮೆಯಾಗಿದ್ದಾರೆ. ಮಾಳಿಗೆಗಳು ಮಾತ್ರ ಇನ್ನೂ ಬಹಳಷ್ಟು ಉಳಿದಿವೆ. ತೊಂದರೆ ಇರುವುದು ಇಲ್ಲಿ.

ಅದರ ರಚನೆಯನ್ನೊಮ್ಮೆ ನೆನಪಿಗೆ ತಂದುಕೊಳ್ಳೋಣ. ಗೋಡೆ ಹಾಗೂ ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತೆ, ಜಂತೆಯ ಮೇಲೆ ಹಲಗೆ ಅಥವಾ ಸಣ್ಣ ಕಟ್ಟಿಗೆ, ಅದರ ಮೇಲೆ ಸೊಪ್ಪು ಅಥವಾ ದಂಟಿನ ಹಾಸು, ಆಮೇಲೆ ಕಲಸಿದ ಮಣ್ಣು, ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ಪದರ. ಕೆಲವು ಕಡೆ ಇದನ್ನೇ ಮೇಲ್ಮುದ್ದೆ ಎನ್ನುತ್ತಾರೆ. ಸವಳು ಮಣ್ಣನ್ನೇ ಆಯ್ದುಕೊಂಡದ್ದರಲ್ಲಿ ನಮ್ಮ ಹಿರಿಯರ ಜಾಣ್ಮೆ ಇದೆ. ಹೊಲದಲ್ಲಿ ಬೆಳೆಗೆ ಶತ್ರುವಾದ ಆ ಮಣ್ಣು ಮಾಳಿಗೆಯ ಮೇಲೆ ಮಿತ್ರ. ಅದರಲ್ಲಿರುವ ಸೋಡಿಯಂ ಅಂಶದಿಂದಾಗಿ ಜೇಡಿಯ ಕಣಗಳು ನೀರು ಬಿದ್ದೊಡನೆ ಬಿಡಿಬಿಡಿಯಾಗಿ ಹರಡಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ; ನೀರು ಕೆಳಗಿಳಿಯದೆ ಮೇಲೆಯೇ ಜಾರಿಹೋಗುತ್ತದೆ. ಆದರೆ ಮಳೆಯಿಂದ ಮಳೆಗೆ ಆ ಉಪ್ಪಿನಂಶ ತೊಳೆದುಹೋಗುತ್ತದೆ, ಮಣ್ಣು ತನ್ನ ಗುಣ ಕಳೆದುಕೊಳ್ಳುತ್ತದೆ. ಆದುದರಿಂದಲೇ ಬೇಸಿಗೆ ಮುಗಿಯುವ ಮೊದಲು ಹೊಸ ಸವಳು ಮಣ್ಣು ತಂದು ಹರಡಿ, ನೀರು ಚಿಮುಕಿಸಿ ಬಡಿಯುವ ಪದ್ಧತಿ ಬಂದಿತು.

ಪದ್ಧತಿ ಸರಿ. ಆದರೆ ಹೊಸ ಮಣ್ಣು ಹಾಕುವವರು ಹಳೆಯ ಮಣ್ಣನ್ನು ಕೆರೆದು ಇಳಿಸುತ್ತಿದ್ದಾರೆಯೇ? ನಾನು ಹತ್ತಿ ನೋಡಿದ ಹೆಚ್ಚಿನ ಮಾಳಿಗೆಗಳಲ್ಲಿ ಇಳಿಸಿರಲಿಲ್ಲ. ಸೋರಿದ ಕಡೆ ಒಂದು ಬುಟ್ಟಿ, ಮರುವರ್ಷ ಅದರ ಪಕ್ಕದಲ್ಲಿ ಇನ್ನೆರಡು ಬುಟ್ಟಿ. ಮಳೆಗೆ ಕೊಚ್ಚಿಹೋದದ್ದನ್ನು ಕಳೆದು ವರ್ಷಕ್ಕೆ ಅರ್ಧ ಅಂಗುಲ ಉಳಿದರೂ 24 ವರ್ಷಗಳಲ್ಲಿ ಒಂದು ಅಡಿ ಮಣ್ಣು ಸೇರಿಕೊಳ್ಳುತ್ತದೆ. ತಾತನ ಕಾಲದಲ್ಲಿ ಅರ್ಧ ಅಡಿ ಮಣ್ಣಿಗೆಂದು ಇಟ್ಟ ತೊಲೆ ಮೊಮ್ಮಗನ ಕಾಲಕ್ಕೆ ಒಂದೂವರೆ ಅಡಿಯನ್ನು ಹೊತ್ತು ನಿಂತಿರುತ್ತದೆ. ತೊಲೆಗೂ ಅಷ್ಟೇ ವಯಸ್ಸಾಗಿರುತ್ತದೆ ಎಂಬುದನ್ನು ಮರೆಯಬಾರದು.

ಈ ಭಾರವನ್ನು ಲೆಕ್ಕಹಾಕಿ ತೋರಿಸುವುದು ಒಳಿತು, ಏಕೆಂದರೆ ಬರೀ ಮಾತಿಗೆ ಮನೆಯವರು ಒಪ್ಪುವುದಿಲ್ಲ. 10 ಅಡಿ ಅಗಲ, 15 ಅಡಿ ಉದ್ದದ ಒಂದು ಪಡಸಾಲೆಯನ್ನು ತೆಗೆದುಕೊಳ್ಳಿ. ಅದರ ಮೇಲೆ ಅರ್ಧ ಅಡಿ ಒಣಮಣ್ಣು ಇದ್ದರೆ ಅದರ ತೂಕ ಸುಮಾರು 3.5 ಟನ್, ಅಂದರೆ ಹೆಚ್ಚುಕಡಿಮೆ ಒಂದು ಟ್ರ್ಯಾಕ್ಟರ್ ಟ್ರೇಲರಿನ ಹೇರು. ಒಂದೂವರೆ ಅಡಿ ಇದ್ದರೆ 10 ಟನ್ ದಾಟುತ್ತದೆ. ಅದೇ ಮಣ್ಣು ಮೂರು ದಿನದ ಮಳೆಯಲ್ಲಿ ತೊಯ್ದರೆ ಇನ್ನೂ ಸುಮಾರು 2 ಟನ್ ನೀರು ಸೇರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮೂರು ಟ್ರೇಲರುಗಳ ಕೆಳಗೆ ಮಲಗುವ ಕುಟುಂಬ ಮಳೆಗಾಲದಲ್ಲಿ ಮೂರೂವರೆ ಟ್ರೇಲರುಗಳ ಕೆಳಗೆ ಮಲಗುತ್ತದೆ. ವಾರ್ಡ್ ಸಭೆಯಲ್ಲಿ ಇದನ್ನು ಹೀಗೆಯೇ ಹೇಳಿ, ಟನ್ನಿನ ಲೆಕ್ಕಕ್ಕಿಂತ ಟ್ರೇಲರಿನ ಲೆಕ್ಕ ಬೇಗ ಮನಸ್ಸಿಗೆ ಹಿಡಿಯುತ್ತದೆ.

ಭಾರವಾದ ಮಾಳಿಗೆ ಏನು ಮಾಡಬಲ್ಲದು ಎಂಬುದನ್ನು ನಮ್ಮ ಗಡಿಯಾಚೆಯೇ ಒಮ್ಮೆ ಕಂಡಿದ್ದೇವೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ ಭೂಕಂಪವಾಯಿತು. ಬೀದರ್, ಕಲಬುರಗಿ ಕಡೆಯ ಹಿರಿಯರಿಗೆ ಆ ನಡುಕ ಈಗಲೂ ನೆನಪಿದೆ. ಸುಮಾರು 8,000 ಜನ ಸತ್ತರು. ಅಲ್ಲಿನ ಮನೆಗಳೂ ನಮ್ಮವುಗಳಂತೆಯೇ: ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಕಟ್ಟಿಗೆಯ ತೊಲೆ ಜಂತೆ, ಅದರ ಮೇಲೆ ಒಂದರಿಂದ ಎರಡು ಅಡಿ ದಪ್ಪ ಮಣ್ಣು. ಆ ಪ್ರಮಾಣದ ಕಂಪನಕ್ಕೆ ಅಷ್ಟು ಸಾವು ಸಂಭವಿಸಿದ್ದಕ್ಕೆ ಕಲ್ಲಿನ ಗೋಡೆಗಳ ಜೊತೆಗೆ ಈ ಮಣ್ಣಿನ ಭಾರವೂ ಮುಖ್ಯ ಕಾರಣವೆಂದು ಪರಿಶೀಲಿಸಿದ ತಜ್ಞರು ಹೇಳಿದರು. ಹಳೆಯ ಮನೆಗಳನ್ನು ಭದ್ರಪಡಿಸಲು ಅವರಿತ್ತ ಸಲಹೆಗಳಲ್ಲಿ ಮಾಳಿಗೆಯ ಮಣ್ಣು ಇಳಿಸುವುದೂ ಒಂದು. ಭೂಕಂಪ ನಮ್ಮಲ್ಲಿ ಅಪರೂಪ. ಮಳೆ ಪ್ರತಿವರ್ಷ ಬರುತ್ತದೆ.

ಇನ್ನು ಪರಿಶೀಲನೆಗೆ ಬರೋಣ. ಯಾವಾಗ ಎಂಬ ಪ್ರಶ್ನೆಗೆ ನನ್ನ ಉತ್ತರ, ಯುಗಾದಿಯಿಂದ ರೋಹಿಣಿ ಮಳೆಯವರೆಗೆ. ನಮ್ಮ ಸೀಮೆಯಲ್ಲಿ ಮನೆಗಳು ಹೆಚ್ಚಾಗಿ ಬೀಳುವುದು ಆಗಸ್ಟ್‌ನಿಂದ ಅಕ್ಟೋಬರ್ ನಡುವೆ, ಹಾಗಿದ್ದಮೇಲೆ ಇಷ್ಟು ಅವಸರವೇಕೆ ಎಂದು ಕೇಳಬಹುದು. ಮೃಗಶಿರಾ ಬಂತೆಂದರೆ ಊರಿನ ಆಳುಗಳೆಲ್ಲ ಬಿತ್ತನೆಗೆ ಹೋಗುತ್ತಾರೆ, ಬಡಿಗೇರರು ಕೂರಿಗೆ, ಕುಂಟೆ ಕೆಲಸದಲ್ಲಿ ಮುಳುಗಿರುತ್ತಾರೆ. ಹಸಿಮಣ್ಣನ್ನು ಕೆರೆದು ಇಳಿಸುವುದು ಒಣಮಣ್ಣಿನ ಎರಡರಷ್ಟು ಶ್ರಮ, ಮೇಲಾಗಿ ಅಪಾಯ. ಒದ್ದೆಯಾದ ಮಾಳಿಗೆಯ ಮೇಲೆ ನಾಲ್ಕು ಜನ ಹತ್ತಿ ನಿಲ್ಲುವುದೇ ಅದು ಕುಸಿಯಲು ಸಾಕಾಗಬಹುದು.

ಯಾರು ನೋಡಬೇಕು? ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಎಂಜಿನಿಯರು ಪ್ರತಿ ಮನೆಗೂ ಬರಲಾರರು. ಅವರಿಗೆ ಇಡೀ ತಾಲ್ಲೂಕಿನ ಹೊರೆ ಇದೆ. ಊರಿನ ಒಬ್ಬ ಅನುಭವಸ್ಥ ಗೌಂಡಿ, ಒಬ್ಬ ಬಡಿಗೇರ, ಜೊತೆಗೆ ವಾರ್ಡಿನ ಸದಸ್ಯರು ಸೇರಿದರೆ ದಿನಕ್ಕೆ ಹತ್ತು ಹನ್ನೆರಡು ಮನೆ ನೋಡಬಹುದು. ಸಂಶಯ ಬಂದ ಮನೆಗಳಿಗೆ ಮಾತ್ರ ಎಂಜಿನಿಯರನ್ನು ಕರೆಸಿದರೆ ಅವರೂ ಸಂತೋಷದಿಂದ ಬರುತ್ತಾರೆ. ಮನೆಯೊಳಗೆ ಕಾಲಿಟ್ಟ ಮೇಲೆ ಮೊದಲು ಆ ಮನೆಯ ಹೆಣ್ಣುಮಕ್ಕಳನ್ನು ಕೇಳಬೇಕು. ಹೋದ ವರ್ಷ ಯಾವ ಮೂಲೆಯಲ್ಲಿ ಪಾತ್ರೆ ಇಟ್ಟಿದ್ದಿರಿ, ಯಾವ ಕಡೆ ಮಣ್ಣು ಉದುರುತ್ತದೆ, ಯಾವ ಬಾಗಿಲು ಈಚೆಗೆ ಚೌಕಟ್ಟಿಗೆ ಬಿಗಿಯುತ್ತಿದೆ, ಇವೆಲ್ಲ ಅವರಿಗೆ ಗೊತ್ತು. ಮನೆಯ ಯಜಮಾನರು ಹಲವು ಸಲ ‘ಏನೂ ಆಗಿಲ್ಲ, ಗಟ್ಟಿ ಐತ್ರಿ’ ಎಂದುಬಿಡುತ್ತಾರೆ.

ತೊಲೆಯ ನಡುಭಾಗ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ತೊಲೆ ಸಾಯುವುದು ತುದಿಯಲ್ಲಿ. ಗೋಡೆಯೊಳಗೆ ಹುದುಗಿದ ಅದರ ತಲೆ ಗೋಡೆಯ ತೇವ ಕುಡಿಯುತ್ತದೆ, ಗಾಳಿ ಕಾಣುವುದಿಲ್ಲ, ಗೆದ್ದಲು ಕೂಡ ಗೋಡೆಯ ಮೂಲಕವೇ ಹತ್ತಿ ಅಲ್ಲಿಂದ ಒಳಹೊಗುತ್ತದೆ. ಹೊರಗೆ ಬಣ್ಣ ಬಳಿದ, ನೋಡಲು ಅಂದವಾದ ತೊಲೆ ಗೋಡೆಯೊಳಗೆ ಹಿಟ್ಟಾಗಿರಬಹುದು. ಆದ್ದರಿಂದ ತೊಲೆಯು ಗೋಡೆಯನ್ನು ಸೇರುವ ಕಡೆ ಬಡಿಗೇರರು ಉಳಿಯ ಮೊನೆಯಿಂದ ಚುಚ್ಚಿ ನೋಡಬೇಕು. ಗಟ್ಟಿ ಮರ ಮೊನೆಯನ್ನು ತಡೆಯುತ್ತದೆ. ಕೊಳೆತ ಮರದಲ್ಲಿ ಉಳಿ ಸಲೀಸಾಗಿ ಇಳಿಯುತ್ತದೆ. ಉದ್ದಕ್ಕೂ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಬಂದರೆ ಒಳಗೆ ಪೊಳ್ಳಾದ ಕಡೆ ಸದ್ದು ಬದಲಾಗುತ್ತದೆ. ಜಂತೆಗಳ ತುದಿಯನ್ನೂ, ಕಂಬದ ಮೇಲಿನ ಬೋದಿಗೆಯನ್ನೂ, ನೆಲದ ತೇವ ತಾಗುವ ಕಂಬದ ಬುಡವನ್ನೂ ಹೀಗೆಯೇ ನೋಡಬೇಕು.

ತೊಲೆ ಬಾಗಿದೆಯೋ ಇಲ್ಲವೋ ಎಂದು ಕಣ್ಣಳತೆಯಿಂದ ವಾದಮಾಡುವುದು ಬೇಡ. ಒಂದು ತುದಿಯಿಂದ ಇನ್ನೊಂದು ತುದಿಗೆ ತೊಲೆಯ ಕೆಳಮೈಗೆ ದಾರವನ್ನು ಬಿಗಿದು ಹಿಡಿಯಿರಿ. ನೇರವಿರುವ ತೊಲೆಗೆ ದಾರ ಉದ್ದಕ್ಕೂ ಸಮನಾಗಿ ಕೂರುತ್ತದೆ. ಬಾಗಿದ್ದರೆ ನಡುವೆ ತೊಲೆಯೇ ದಾರವನ್ನು ಕೆಳಗೆ ತಳ್ಳುತ್ತದೆ. ಹಾಗಿದ್ದರೆ ಎರಡೂ ತುದಿಯಲ್ಲಿ ಒಂದೇ ದಪ್ಪದ ಬಿಲ್ಲೆ ಇಟ್ಟು ದಾರ ಕಟ್ಟಿ, ನಡುವಿನ ಅಂತರ ಎಷ್ಟು ಕಡಿಮೆಯಾಗಿದೆ ಎಂದು ಅಳೆದು, ದಿನಾಂಕ ಸಹಿತ ಗೋಡೆಯ ಮೇಲೆ ಬರೆದಿಡಿ. ಹಳೆಯ ತೊಲೆ ಸ್ವಲ್ಪ ಬಾಗಿರುವುದು ಸಹಜ. ತಿಂಗಳ ನಂತರ ಅಳೆದಾಗ ಬಾಗು ಹೆಚ್ಚಿದ್ದರೆ ಅದು ಸಹಜವಲ್ಲ. ಗೋಡೆಯ ಬಿರುಕಿಗೂ ಇದೇ ಉಪಾಯ. ಬಿರುಕಿಗೆ ಅಡ್ಡಲಾಗಿ ಸ್ವಲ್ಪ ಸಿಮೆಂಟ್ ಮೆತ್ತಿ ದಿನಾಂಕ ಬರೆಯಿರಿ. ಮೆತ್ತಿದ್ದು ಸೀಳಿದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ.

ಮಣ್ಣಿನ ದಪ್ಪ ತಿಳಿಯಲು ಬೆಳಕಿಂಡಿಯ ಅಂಚು ನೋಡಿದರೆ ಸಾಕು, ಪದರ ಪದರವಾಗಿ ವರ್ಷಗಳ ಲೆಕ್ಕ ಕಾಣುತ್ತದೆ. ಮಾಳಿಗೆಯ ಮೇಲೆ ಹುಲ್ಲು, ಗಿಡ ಬೆಳೆದಿದ್ದರೆ ಅಲ್ಲಿ ನೀರು ನಿಲ್ಲುತ್ತಿದೆ. ಹೆಗ್ಗಣದ ಬಿಲವಿದ್ದರೆ ಅದು ನೀರಿಗೆ ನೇರ ದಾರಿ. ಕುಂಬಿಯ ಬುಡ ಬಿಟ್ಟಿದೆಯೇ, ನೀರು ಹೊರಹೋಗುವ ದೋಣಿ ಮಣ್ಣಿನಲ್ಲಿ ಹೂತುಹೋಗಿದೆಯೇ, ಅದರ ಮೂತಿ ಗೋಡೆಯಿಂದ ಸಾಕಷ್ಟು ಹೊರಗೆ ಚಾಚಿದೆಯೇ ಎಂಬುದನ್ನೂ ನೋಡಬೇಕು. ಮೋಟು ದೋಣಿಯ ನೀರು ಗೋಡೆಯ ಮೇಲೆಯೇ ಇಳಿದು, ಚಾವಣಿ ಗಟ್ಟಿಯಿದ್ದರೂ ಅದನ್ನು ಹೊತ್ತ ಗೋಡೆಯನ್ನು ಕರಗಿಸುತ್ತದೆ.

ಗೋಡೆಯ ಮಾತು ಬಂದುದರಿಂದ ನಮ್ಮದೇ ಕೆಲಸದ ಬಗ್ಗೆಯೂ ಒಂದು ಮಾತು ಹೇಳಬೇಕು. ಕೆಲವರಿಗೆ ಬೇಸರವಾದೀತು. ಓಣಿಯಲ್ಲಿ ಸಿಸಿ ರಸ್ತೆ ಮಾಡುವಾಗ ಹಳೆಯ ರಸ್ತೆಯ ಮೇಲೆಯೇ ಹೊಸ ಕಾಂಕ್ರೀಟ್ ಸುರಿಯುತ್ತೇವೆ. ಎರಡು ಸಲ ಹಾಗಾದರೆ ರಸ್ತೆ ಮುಕ್ಕಾಲು ಅಡಿ, ಒಂದು ಅಡಿ ಮೇಲೇಳುತ್ತದೆ. ಮೊದಲು ರಸ್ತೆಗಿಂತ ಎತ್ತರದಲ್ಲಿದ್ದ ಮನೆಯ ಕಟ್ಟೆ ಈಗ ರಸ್ತೆಯ ಸಮಕ್ಕೆ, ಕೆಲವೆಡೆ ಅದಕ್ಕಿಂತ ಕೆಳಕ್ಕೆ ಇಳಿದಿದೆ. ಮಳೆಯ ನೀರೆಲ್ಲ ಗೋಡೆಯ ಬುಡದಲ್ಲಿ ನಿಲ್ಲುತ್ತದೆ. ಮಣ್ಣಿನ ಗೋಡೆಗೆ ಇದಕ್ಕಿಂತ ದೊಡ್ಡ ಕೇಡಿಲ್ಲ. ಇನ್ನು ಮುಂದೆ ಕಾಮಗಾರಿಯ ಅಂದಾಜುಪಟ್ಟಿ ತಮ್ಮ ಮುಂದೆ ಬಂದಾಗ ಹಳೆಯ ಪದರವನ್ನು ಅಗೆದು ತೆಗೆಯುವ ಬಾಬ್ತು ಅದರಲ್ಲಿದೆಯೇ, ಚರಂಡಿಯ ಮಟ್ಟ ಮನೆಗಳ ಹೊಸ್ತಿಲಿಗಿಂತ ಕೆಳಗಿದೆಯೇ ಎಂದು ಸದಸ್ಯರು ಕೇಳಲೇಬೇಕು.

ಪಾಲಾದ ಮನೆಗಳನ್ನು ವಿಶೇಷವಾಗಿ ಗಮನಿಸಿ. ಅಣ್ಣತಮ್ಮಂದಿರು ಬೇರೆಯಾಗಿ, ಒಬ್ಬರು ತಮ್ಮ ಪಾಲನ್ನು ಕೆಡವಿ ಆರ್‌ಸಿಸಿ ಕಟ್ಟಿಸುತ್ತಾರೆ. ಇನ್ನೊಬ್ಬರ ಪಾಲಿನಲ್ಲಿ ಹಳೆಯ ಮಾಳಿಗೆ ಉಳಿಯುತ್ತದೆ. ನಡುಗೋಡೆಗೆ ಎರಡೂ ಕಡೆಯಿಂದ ಇದ್ದ ಆಸರೆ ಒಂದು ಕಡೆ ತಪ್ಪಿಹೋಗಿರುತ್ತದೆ, ಒಳಗೋಡೆಯಾಗಿದ್ದುದು ಮಳೆಗೆ ಮೈಯೊಡ್ಡುವ ಹೊರಗೋಡೆಯಾಗಿರುತ್ತದೆ. ಅಡಿಪಾಯ ತೋಡುವಾಗ ಅದರ ಬುಡವೂ ಸಡಿಲಗೊಂಡಿರಬಹುದು. ಇಲ್ಲಿ ಜಗಳ ಇರುವುದರಿಂದ ಇಬ್ಬರೂ ಆ ಗೋಡೆಯನ್ನು ಮುಟ್ಟುವುದಿಲ್ಲ. ಎಂಜಿನಿಯರ ವರದಿಗಿಂತ ಸದಸ್ಯರು ನಡುವೆ ಕುಳಿತು ಆಡುವ ಮಾತೇ ಇಂಥ ಕಡೆ ಹೆಚ್ಚು ಕೆಲಸ ಮಾಡುತ್ತದೆ.

ಉಳಿದ ಚಾವಣಿಗಳನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ತಗಡು ಹಾರದಿರಲೆಂದು ಅದರ ಮೇಲೆ ಕಲ್ಲು ಹೇರುವುದನ್ನು ಬಿಡಿಸಿ. ಬೇಸಿಗೆಯ ಬಿರುಗಾಳಿಗೆ ತಗಡು ಎದ್ದಾಗ ಆ ಕಲ್ಲೇ ಕೆಳಗೆ ಮಲಗಿದವರ ಮೇಲೆ ಬೀಳುತ್ತದೆ. ತಗಡನ್ನು ಕೊಕ್ಕೆ ಬೋಲ್ಟಿನಿಂದ ಕೆಳಗಿನ ಪೈಪಿಗೋ ಕಟ್ಟಿಗೆಗೋ ಬಿಗಿಸಬೇಕು, ಆ ಪೈಪು ಗೋಡೆಗೆ ಬಿಗಿಯಾಗಿರಬೇಕು. ಸಿಮೆಂಟ್ ಶೀಟಿನ ಮೇಲೆ ನೇರವಾಗಿ ಕಾಲಿಡಬಾರದು, ಹಲಗೆ ಹಾಸಿಯೇ ಹತ್ತಬೇಕು. ಆರ್‌ಸಿಸಿಯಲ್ಲಿ ಕೆಳಗಿನ ಪದರ ಉದುರಿ ತುಕ್ಕು ಹಿಡಿದ ಕಬ್ಬಿಣ ಕಾಣುತ್ತಿದ್ದರೆ ಅದಕ್ಕೆ ಸುಣ್ಣ ಬಳಿದು ಮುಚ್ಚುವುದರಿಂದ ಪ್ರಯೋಜನವಿಲ್ಲ; ಎಂಜಿನಿಯರು ನೋಡಲೇಬೇಕು. ಹಳೆಯ ಶಾಲಾ ಕೊಠಡಿ, ಅಂಗನವಾಡಿಗಳಲ್ಲಿ ಈ ಲಕ್ಷಣ ಕಂಡರೆ ಆ ಕೊಠಡಿಗೆ ಅಂದೇ ಬೀಗ ಹಾಕಿಸಿ, ಪತ್ರ ವ್ಯವಹಾರ ಆಮೇಲೆ ನಡೆಯಲಿ.

ನೋಡಿದ ಮನೆಗಳನ್ನು ದಾಖಲಿಸುವಾಗ ನಾಲ್ಕೈದು ದರ್ಜೆ ಮಾಡಿ ಗೊಂದಲ ಎಬ್ಬಿಸುವುದು ಬೇಡವೆಂಬುದು ನನ್ನ ಅಭಿಪ್ರಾಯ. ಎರಡು ಪಟ್ಟಿ ಸಾಕು. ಮಣ್ಣು ಇಳಿಸಿ, ದೋಣಿ ಸರಿಪಡಿಸಿ, ಒಂದೆರಡು ಜಂತೆ ಬದಲಿಸಿದರೆ ಈ ಮಳೆಗಾಲ ಕಳೆಯಬಲ್ಲ ಮನೆಗಳದೊಂದು. ಮಳೆ ಹಿಡಿದರೆ ಒಳಗೆ ಮಲಗಲೇಬಾರದ ಮನೆಗಳದು ಇನ್ನೊಂದು. ಎರಡನೆಯ ಪಟ್ಟಿಯ ಮಾಲೀಕರಿಗೆ ಪಂಚಾಯಿತಿಯಿಂದ ಲಿಖಿತ ತಿಳಿವಳಿಕೆ ಪತ್ರ ಹೋಗಬೇಕು, ಅದರ ಪ್ರತಿ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗಳಿಗೂ ತಹಶೀಲ್ದಾರರಿಗೂ ಸೇರಬೇಕು. ಪ್ರತಿ ಮನೆಯ ಒಳಹೊರಗಿನ ಛಾಯಾಚಿತ್ರ ತೆಗೆದಿಡಿ. ಮುಂದೆ ಹಾನಿಯಾದರೆ ಮೊದಲು ಮನೆ ಹೇಗಿತ್ತು ಎಂಬ ವಾದಕ್ಕೆ ಅವಕಾಶ ಉಳಿಯುವುದಿಲ್ಲ.

ಈ ಕೆಲಸಕ್ಕೆ ಇಳಿದ ಕೂಡಲೇ ಊರಿನಲ್ಲಿ ಎರಡು ಸುದ್ದಿ ಹುಟ್ಟುತ್ತವೆ. ಬರೆದುಕೊಂಡ ಮನೆಗಳನ್ನೆಲ್ಲ ಕೆಡವಿಸುತ್ತಾರೆ ಎಂಬುದು ಒಂದು. ಬರೆದುಕೊಂಡವರಿಗೆಲ್ಲ ಹೊಸ ಮನೆ ಮಂಜೂರಾಗುತ್ತದೆ ಎಂಬುದು ಮತ್ತೊಂದು. ಮೊದಲನೆಯದರಿಂದ ಹೆದರಿದವರು ಬಾಗಿಲು ತೆರೆಯುವುದಿಲ್ಲ. ಎರಡನೆಯದನ್ನು ನಂಬಿದವರು ಗಟ್ಟಿ ಗೋಡೆಯನ್ನೂ ಬಿರುಕು ಎಂದು ತೋರಿಸುತ್ತಾರೆ. ಎರಡೂ ಸುಳ್ಳೆಂದು ಮೊದಲ ದಿನವೇ ಡಂಗುರ ಸಾರಿಸಿ. ಆದರೆ ವಸತಿ ಯೋಜನೆಗಳ ಫಲಾನುಭವಿಗಳ ಆಯ್ಕೆ ಗ್ರಾಮಸಭೆಗೆ ಬಂದಾಗ ಆ ಎರಡನೆಯ ಪಟ್ಟಿ ಸಭೆಯ ಮುಂದೆ ಇರುವುದು ನ್ಯಾಯ. ಯಾರ ತಲೆಯ ಮೇಲೆ ಯಾವ ತೊಲೆ ಇದೆ ಎಂದು ಗೊತ್ತಿದ್ದೂ ಬೇರೆ ಕಾರಣಗಳಿಗೆ ಬೇರೆಯವರ ಹೆಸರು ಮೇಲೆ ಬಂದರೆ, ಅದನ್ನು ಪ್ರಶ್ನಿಸಲು ಸಭೆಗೆ ಒಂದು ಆಧಾರವಿರುತ್ತದೆ.

ಮಣ್ಣು ಇಳಿಸುವ ಕ್ರಮದಲ್ಲೂ ಎಚ್ಚರ ಬೇಕು. ಸಂಶಯವಿರುವ ತೊಲೆಗೆ ಮೊದಲು ಆಸರೆಗಂಬ ಕೊಟ್ಟೇ ಮೇಲೆ ಹತ್ತಬೇಕು. ಆ ಕಂಬದ ಬುಡದಲ್ಲಿ ಚಪ್ಪಡಿ ಅಥವಾ ದಪ್ಪ ಹಲಗೆ ಇರಲಿ. ಬರಿಯ ಮಣ್ಣುನೆಲದ ಮೇಲೆ ನಿಲ್ಲಿಸಿದರೆ ಭಾರಕ್ಕೆ ಅದು ಕುಸಿಯುತ್ತದೆ. ಕೆಳಗಿನ ಕೋಣೆಯಲ್ಲಿ ಯಾರೂ ಇರಕೂಡದು, ದನಗಳೂ ಇರಕೂಡದು. ಕೆರೆದ ಮಣ್ಣನ್ನು ಮಾಳಿಗೆಯ ಮೇಲೆಯೇ ಗುಡ್ಡೆಹಾಕದೆ ಆಗಿಂದಾಗ್ಗೆ ಇಳಿಸುತ್ತಾ, ಎಲ್ಲ ಕಡೆಯಿಂದ ಸಮನಾಗಿ ತೆಳುವು ಮಾಡುತ್ತಾ ಬರಬೇಕು. ಕಡೆಗೆ ಅರ್ಧ ಅಡಿಯೊಳಗಿನ ಮಣ್ಣು ಉಳಿಸಿಕೊಂಡು, ದೋಣಿಯ ಕಡೆಗೆ ಇಳಿಜಾರು ಕೊಟ್ಟು, ಹೊಸ ಸವಳು ಮಣ್ಣಿನ ತೆಳುಪದರ ಹಾಕಿ ಬಡಿಯಬೇಕು. ನಾಲ್ಕು ಆಳು ಎರಡು ಮೂರು ದಿನ ಮಾಡುವ ಕೆಲಸ ಇದು. ಓಣಿಯಲ್ಲಿ ಮುಯ್ಯಿ ಆಳಿನ ಪದ್ಧತಿ ಇನ್ನೂ ಇದ್ದರೆ ಖರ್ಚೂ ಹೆಚ್ಚಿಲ್ಲ. ದುಡಿಯುವವರಿಲ್ಲದ ಮನೆ, ಒಬ್ಬಂಟಿ ವೃದ್ಧೆಯರ ಮನೆಗಳಿಗೆ ಯಾವ ನಿಧಿಯಿಂದ ಎಷ್ಟು ನೆರವು ಸಾಧ್ಯವೆಂಬುದನ್ನು ಪಿಡಿಒ ಅವರು ನಿಯಮ ನೋಡಿ ಏಪ್ರಿಲ್ ಸಭೆಯಲ್ಲೇ ತಿಳಿಸಲಿ.

ಎಷ್ಟು ಮಾಡಿದರೂ ಕೆಲವು ಮನೆಗಳು ಅಪಾಯದಲ್ಲೇ ಮಳೆಗಾಲಕ್ಕೆ ಕಾಲಿಡುತ್ತವೆ. ಆ ಕುಟುಂಬಗಳು ರಾತ್ರಿ ಎಲ್ಲಿ ಮಲಗಬೇಕೆಂಬುದು ಮೊದಲೇ ನಿರ್ಧಾರವಾಗಿರಬೇಕು. ಶಾಲೆ, ಸಮುದಾಯ ಭವನ, ದೇವಸ್ಥಾನದ ಪ್ರಾಂಗಣ ಯಾವುದಾದರೂ ಸರಿ, ಅದರ ಚಾವಣಿಯನ್ನು ಮೊದಲು ನೋಡಿರಬೇಕು, ಅದರ ಕೀಲಿಕೈ ರಾತ್ರಿ ಯಾರ ಬಳಿ ಇರುತ್ತದೆ ಎಂಬುದು ಓಣಿಗೆಲ್ಲ ಗೊತ್ತಿರಬೇಕು. ಮಾಳಿಗೆಯಿಂದ ಸಣ್ಣಗೆ ಮಣ್ಣು ಉದುರತೊಡಗಿದರೆ, ಜಂತೆ ಕಿರುಗುಟ್ಟಿದರೆ, ನಿನ್ನೆ ಸರಿಯಿದ್ದ ಬಾಗಿಲು ಇಂದು ಬಿಗಿದರೆ, ಬೆಳಗಿನವರೆಗೆ ಕಾಯದೆ ಹೊರಬೀಳಬೇಕು. ಮಳೆ ನಿಂತು ಬಿಸಿಲು ಬಂದ ದಿನವೇ ಒಳಗೆ ಹೋಗಲು ಅವಸರಪಡಬಾರದು. ಗೋಡೆಯೊಳಗೆ ಇಳಿದ ನೀರು ಅಷ್ಟು ಬೇಗ ಆರುವುದಿಲ್ಲ, ಮಳೆ ನಿಂತ ಮೇಲೂ ಒಂದೆರಡು ದಿನ ಗೋಡೆಗಳು ಬೀಳುತ್ತವೆ.

ಕೊನೆಯದಾಗಿ ಗುಳೆ ಹೋದವರ ವಿಚಾರ. ಬೆಂಗಳೂರು, ಪುಣೆ, ಗೋವಾ ಕಡೆ ದುಡಿಯಲು ಹೋದ ಕುಟುಂಬಗಳ ಮನೆಗಳು ಆರೇಳು ತಿಂಗಳು ಬೀಗ ಹಾಕಿಕೊಂಡೇ ಇರುತ್ತವೆ. ಒಲೆಯ ಹೊಗೆಯಿಲ್ಲ, ಗೆದ್ದಲನ್ನು ಗುಡಿಸುವವರಿಲ್ಲ, ಸೋರಿದ್ದನ್ನು ಕಂಡವರಿಲ್ಲ. ಅವರು ಬಿತ್ತನೆಯ ಹೊತ್ತಿಗೆ, ಮೊದಲ ಮಳೆಯ ಜೊತೆಯಲ್ಲೇ ಮಕ್ಕಳನ್ನು ಕರೆದುಕೊಂಡು ಬಂದು, ಬೀಗ ತೆಗೆದು, ಅಂದೇ ರಾತ್ರಿ ಅದೇ ಮಾಳಿಗೆಯಡಿ ಮಲಗುತ್ತಾರೆ. ಪರಿಶೀಲನೆಗೆ ಹೋದ ತಂಡ ಬೀಗ ಕಂಡು ‘ಮನೆಯಲ್ಲಿ ಯಾರೂ ಇಲ್ಲ’ ಎಂದು ಬರೆದು ಮುಂದೆ ಹೋಗುವುದು ಸುಲಭ. ಹಾಗೆ ಹೋಗಬೇಡಿ. ಹೊರಗಿನಿಂದ ಕಾಣುವಷ್ಟನ್ನು ಗೋಡೆ, ಕುಂಬಿ, ದೋಣಿ ನೋಡಿ ಬರೆಯಿರಿ. ಪಕ್ಕದ ಮನೆಯವರಿಂದ ಅವರ ಮೊಬೈಲ್ ಸಂಖ್ಯೆ ಪಡೆದು ಅಲ್ಲೇ ನಿಂತು ಮಾತಾಡಿ, ಕೀಲಿಕೈ ಊರಿನಲ್ಲಿ ಯಾರ ಬಳಿಯಾದರೂ ಇದ್ದರೆ ಅವರ ಒಪ್ಪಿಗೆ ಪಡೆದು ತೆರೆಸಿ ನೋಡಿ. ಇಲ್ಲದಿದ್ದರೆ ಆ ಮನೆಯ ಹೆಸರನ್ನು ಎರಡನೆಯ ಪಟ್ಟಿಯಲ್ಲಿಯೇ ಇಟ್ಟು, ಅವರು ಬಂದಿಳಿದ ದಿನ ಮಾಳಿಗೆ ನೋಡುವವರೆಗೆ ಶಾಲೆಯಲ್ಲಿ ಮಲಗಲು ಹೇಳಬೇಕೆಂದು ಅದರ ಎದುರಿಗೆ ಬರೆದಿಡಿ.